ಎತ್ತು ಪರೀಕ್ಷೆ

ದೋಣಿ ಕ್ಲಬ್ಬಿನಲ್ಲಿ ಅವಳನ್ನು ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಕತ್ತರಿ ಅನ್ನುತ್ತಿದ್ದರು. ಅವಳಿಗೆ ಎರಡನೆಯದೇ ಇಷ್ಟ. ಮೇಡಂ ಯಾರು ಬೇಕಾದರೂ ಆಗಬಹುದು, ಕೈಯಲ್ಲೊಂದು ಬ್ಯಾಗು, ಮೂಗಿನ ಮೇಲೊಂದು ಕನ್ನಡಕ ಇದ್ದರೆ ಸಾಕು. ಕತ್ತರಿ ಆಗಬೇಕಾದರೆ ಇಪ್ಪತ್ತಾರು ವರ್ಷ ಒಂದೇ ಮೇಜಿನ ಹಿಂದೆ ಕೂತು, ಮೇಲಿನ ಪಟ್ಟಿಗೆ ಹೆಸರು ಬರೆಸಲು ಬಂದವರನ್ನೆಲ್ಲ ಕತ್ತರಿಸಿ ಕೆಳಗಿನ ಪಟ್ಟಿಗೆ ಹಾಕಿರಬೇಕು.

ಪಂದ್ಯಗಳು ಶುರುವಾಗುವುದಕ್ಕೆ ಹದಿನೈದು ದಿನ ಮುಂಚೆ ತರಗತಿ ಆರಿಸುವ ದಿನ ಬರುತ್ತಿತ್ತು. ಆ ಕ್ಲಬ್ಬಿನಲ್ಲಿ ಇದ್ದದ್ದೆಲ್ಲ ಕ್ಯಾಟಮರಾನ್‌ಗಳು. ಎರಡು ಸಪೂರ ದೋಣಿಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಬಲೆ ಬಿಗಿದು, ಮೇಲೊಂದು ಹಾಯಿ ಏರಿಸಿದರೆ ಕ್ಯಾಟಮರಾನ್. ಇಬ್ಬರು ಸೇರಿ ಓಡಿಸಬೇಕು. ಅದರಲ್ಲಿ ಮೂರು ತರಗತಿ. ಕಾಗದದ ಮೇಲೆ ಅವಕ್ಕೆ ಏನೇನೋ ಅಂಕಿ, ಅಕ್ಷರದ ಹೆಸರಿದ್ದರೂ ಕ್ಲಬ್ಬಿನವರ ಬಾಯಲ್ಲಿ ಮರಿ, ತಂತಿ, ಹಕ್ಕಿ. ಮರಿ ಹದಿನಾಲ್ಕು ಅಡಿಯ ಪ್ಲಾಸ್ಟಿಕ್ಕಿನದು, ಬಂಡೆಗೆ ಹೊಡೆದರೆ ಬಂಡೆಗೇ ನೋವು. ತಂತಿ ಹದಿನಾರು ಅಡಿ. ಗಾಳಿ ಜೋರಾದಾಗ ಒಬ್ಬರು ಹಾಯಿಕಂಬದ ತುದಿಯಿಂದ ಇಳಿಬಿದ್ದ ತಂತಿಗೆ ಸೊಂಟ ಸಿಕ್ಕಿಸಿಕೊಂಡು ಹೊರಗೆ ನೀರಿನ ಮೇಲೆ ಜೋತುಬೀಳಬೇಕು. ಹಕ್ಕಿಗೆ ಅಡಿಯಲ್ಲಿ ರೆಕ್ಕೆಗಳಿರುತ್ತವೆ. ವೇಗ ಸಿಕ್ಕಿತೆಂದರೆ ಇಡೀ ದೋಣಿ ನೀರು ಬಿಟ್ಟು ಮೊಳ ಎರಡು ಮೊಳ ಮೇಲೇಳುತ್ತದೆ, ಕಣ್ಣು ಮಿಟುಕಿಸಿದರೆ ಎತ್ತಿ ಒಗೆಯುತ್ತದೆ.

ಇದರಲ್ಲಿ ಆರಿಸುವುದಕ್ಕೆ ಏನಿದೆ? ಈಜು ಮಾತ್ರ ಗೊತ್ತಿದ್ದವರಿಗೆ ಮರಿ, ಗಾಳಿಯೂ ಗೊತ್ತಿದ್ದವರಿಗೆ ತಂತಿ, ತನ್ನ ಯೋಗ್ಯತೆ ಎಷ್ಟು ಅಂತಲೂ ಗೊತ್ತಿದ್ದವರಿಗೆ ಹಕ್ಕಿ. ಆದರೆ ಬಂದವರೆಲ್ಲ ಕೇಳುವುದು ಹಕ್ಕಿಯನ್ನೇ. ಅಂಬೆಗಾಲಿಡುವ ಕೂಸು ಓಟದ ಬೂಟು ಕೇಳಿದ ಹಾಗೆ ಕೇಳುತ್ತಾರೆ, ಅದೂ ನಾಚಿಕೆಯಿಲ್ಲದೆ. ಇಂಥವರನ್ನು ಕಂಡರೆ ಕತ್ತರಿಗೆ ಮೈಯೆಲ್ಲ ಉರಿಯುತ್ತಿತ್ತು, ಆ ಉರಿಯಲ್ಲಿ ಅವಳಿಗೆ ಒಂದು ಸುಖವೂ ಇತ್ತು.

ಅವತ್ತು ಬೆಳಿಗ್ಗೆ ಮೊದಲು ಬಂದವರು ಹಲ್ಲಿನ ಡಾಕ್ಟರು, ಜೊತೆಗೆ ಅವರ ಹೆಂಡತಿ.

"ಹಕ್ಕಿಗೆ ಬರ್ಕೊಳ್ಳಿ ಮೇಡಂ."

"ಎಷ್ಟು ದಿನ ಓಡಿಸಿದೀರಿ?"

"ನಾಲ್ಕು ಭಾನುವಾರ. ಆದ್ರೆ ವೀಡಿಯೊ ತುಂಬ ನೋಡಿದೀವಿ."

"ನಾನೂ ವೀಡಿಯೊ ನೋಡ್ಕೊಂಡು ಬರ್ತೀನಿ, ನಿಮ್ಮ ದವಡೆ ಹಲ್ಲು ಕೀಳಿಸ್ಕೋತೀರಾ?"

ಡಾಕ್ಟರು ನಗಬೇಕೋ ಬೇಡವೋ ತಿಳಿಯದೆ ಹೆಂಡತಿಯ ಮುಖ ನೋಡಿದರು. ಹೆಂಡತಿಯೇ ಮರಿಯ ಫಾರಂ ಎಳೆದುಕೊಂಡು ತುಂಬಿದಳು. ಅವರ ಹಿಂದೆ ಬಂದವನು ತರಗತಿ ಯಾವುದಾದರೂ ಪರವಾಗಿಲ್ಲ, ಫೋಟೊ ಯಾವುದರಲ್ಲಿ ಚೆನ್ನಾಗಿ ಬರುತ್ತದೆ ಹೇಳಿ ಅಂದ. "ದಡದಲ್ಲಿ ನಿಂತ್ಕೊಳ್ಳಿ, ಅಲ್ಲಿ ಬಹಳ ಚೆನ್ನಾಗಿ ಬರುತ್ತೆ" ಎಂದು ಕತ್ತರಿ ಅವನನ್ನೂ ಮರಿಗೆ ದಬ್ಬಿದಳು.

ಪಕ್ಕದಲ್ಲಿ ಕೂತು ಪುಸ್ತಕ ಹಿಡಿದಿದ್ದ ಗುಮಾಸ್ತರು ಕೆಮ್ಮಿದರು. ನಿವೃತ್ತಿಗೆ ಒಂದು ವರ್ಷ ಇದ್ದ ಮನುಷ್ಯ, ಯಾರಿಗೂ ಬೇಸರ ಮಾಡದೆ ಆ ಒಂದು ವರ್ಷ ದಾಟಿಬಿಡಬೇಕೆಂದು ಅವರ ಆಸೆ.

"ಮೇಡಂ, ಸ್ವಲ್ಪ ಮೆಲ್ಲಗೆ. ಮೈಕಿನ ಗುಂಡಿ ನೋಡಿ."

ಮೇಜಿನ ಮೇಲೆ ಕೈಮೈಕು ಇತ್ತು, ದಡದಿಂದ ದೋಣಿಗಳಿಗೆ ಕೂಗಿ ಹೇಳುವುದಕ್ಕೆ. ಅದರ ಗುಂಡಿ ಒಮ್ಮೆ ಒತ್ತಿದರೆ ತಾನಾಗಿ ಮೇಲೇಳುತ್ತಿರಲಿಲ್ಲ, ಎರಡು ಸಲ ಕುಟ್ಟಬೇಕಿತ್ತು. ರಿಪೇರಿಗೆ ಕೊಡೋಣ ಎಂದು ಗುಮಾಸ್ತರು ಹತ್ತು ಸಲ ಹೇಳಿದ್ದರು.

"ನಾನು ಮುಚ್ಚಿಟ್ಟು ಮಾತಾಡೋಳಲ್ಲ ಕಣ್ರೀ. ಕೇಳಿಸಿದ್ರೆ ಕೇಳಿಸ್ಲಿ" ಎಂದು ಅವಳು ಎರಡು ಸಲ ಕುಟ್ಟಿ ಆರಿಸಿದಳು.

ಇಷ್ಟು ಬಿಗಿಯ ಹೆಂಗಸು ಒಂದು ಕಡೆ ಮಾತ್ರ ತನ್ನ ನಿಯಮ ತಾನೇ ಮುರಿದಿದ್ದಳು. ಪುಸ್ತಕದಲ್ಲಿ ಶಾಯಿಯಲ್ಲಿ ಮಾತ್ರ ಬರೆಯಬೇಕು, ಬರೆದದ್ದನ್ನು ಅಳಿಸಕೂಡದು, ಸಂಜೆ ಆರಕ್ಕೆ ಪುಸ್ತಕ ಮುಚ್ಚಿದ ಮೇಲೆ ಆ ವರ್ಷ ಪೂರ್ತಿ ಒಬ್ಬರಿಗೆ ಒಂದೇ ತರಗತಿ, ಬ್ರಹ್ಮ ಬಂದರೂ ಬದಲಿಲ್ಲ. ಇದೆಲ್ಲ ಅವಳೇ ಮಾಡಿದ ಕಾನೂನು. ಆದರೂ ತಂತಿಯ ಪುಟದಲ್ಲಿ, ಮೊದಲನೇ ಸಾಲಿನಲ್ಲಿ, ಒಂದು ತಿಂಗಳ ಹಿಂದೆಯೇ ಅವಳು ಪೆನ್ಸಿಲ್ಲಿನಲ್ಲಿ ಒಂದು ಹೆಸರು ಬರೆದಿಟ್ಟಿದ್ದಳು.

ಅದು ಅವಳ ತಮ್ಮನ ಮಗಳ ಹೆಸರು. ಒಂಬತ್ತನೇ ವಯಸ್ಸಿನಲ್ಲಿ ಹುಡುಗಿಯನ್ನು ಎತ್ತಿ ಮರಿಯಲ್ಲಿ ಕೂರಿಸಿದವಳು ಕತ್ತರಿಯೇ. ಹಗ್ಗದ ಗಂಟು, ನೀರಿನ ಬಣ್ಣ ನೋಡಿ ಗಾಳಿ ಹೇಳುವುದು, ತಂತಿಯಲ್ಲಿ ಜೋತುಬಿದ್ದಾಗ ಕಾಲು ಎಲ್ಲಿಡಬೇಕು, ಎಲ್ಲ ಕಲಿಸಿದ್ದು ಅವಳೇ. ಹುಡುಗಿಗೆ ಈಗ ಹದಿನೆಂಟು. ಆ ವಯಸ್ಸಿನೊಳಗಿನವರು ವರ್ಷವಿಡೀ ತಂತಿಯಲ್ಲಿ ಓಡಿ ಮೊದಲ ಎರಡು ಜೋಡಿಯಲ್ಲಿ ಬಂದರೆ ದೇಶದ ತಂಡದ ಶಿಬಿರಕ್ಕೆ ಕರೆ ಬರುತ್ತದೆ. ಹೋದ ವರ್ಷ ಹುಡುಗಿ ಕೂದಲೆಳೆಯಲ್ಲಿ ಮೂರನೆಯವಳಾಗಿದ್ದಳು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಅಂದರೆ ಇದೇ ಕೊನೆ. ಜೊತೆಗೆ ಓಡಲು ಕ್ಲಬ್ಬಿನ ಮೋಟಾರು ಲಾಂಚ್ ಡ್ರೈವರ್‌ನ ಮಗಳು ತಯಾರಾಗಿ ನಿಂತಿದ್ದಳು. ಲೋಕದಲ್ಲಿ ತನ್ನದು ಅಂತ ಹೇಳಿಕೊಳ್ಳಲು ಕತ್ತರಿಗೆ ಇದ್ದದ್ದು ಈ ಹುಡುಗಿಯೊಬ್ಬಳೇ. ಅವಳು ಶಿಬಿರಕ್ಕೆ ಹೋಗುವುದನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಹೊಟ್ಟೆಹಸಿವಿನ ಹಾಗೆ ಅವಳನ್ನು ಕಾಡುತ್ತಿತ್ತು.

ಅಡ್ಡ ಬಂದವನು ತಮ್ಮ.

ತಮ್ಮನದು ನಲ್ಲಿ, ಸಿಂಕು, ಶವರ್ ಮಾರುವ ಅಂಗಡಿ. ನೀರಿನ ಬಗ್ಗೆ ಅವನಿಗೆ ಗೊತ್ತಿರುವುದು ನಲ್ಲಿ ತಿರುಗಿಸಿದರೆ ಬರುತ್ತದೆ ಅನ್ನುವುದಷ್ಟೇ ಎಂದು ಕತ್ತರಿ ಕ್ಲಬ್ಬಿನಲ್ಲೆಲ್ಲ ಹೇಳಿದ್ದಳು. ಎರಡು ವರ್ಷದಿಂದ ಭಾನುವಾರ ಭಾನುವಾರ ಬಂದು ಮರಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಅಷ್ಟಕ್ಕೇ ತಲೆ ತಿರುಗಿ, ಯಾರನ್ನೂ ಕೇಳದೆ ಹೊಸ ಹಕ್ಕಿಯೊಂದನ್ನು ಕೊಂಡು ಲಾರಿಯಲ್ಲಿ ತರಿಸಿಬಿಟ್ಟ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಈ ಮಹರಾಯ ನಡುಹಗಲಲ್ಲೇ ಹಿಡಿದ.

ಹನ್ನೊಂದು ಗಂಟೆಗೆ ಅವನು ಮೇಜಿನ ಮುಂದೆ ಬಂದು ನಿಂತ. ಮೈಗಂಟಿದ ಕಪ್ಪು ರಬ್ಬರಿನ ಉಡುಪು, ಹೊಟ್ಟೆ ಅದನ್ನು ಒಪ್ಪದೆ ಮುಂದಕ್ಕೆ ಬಂದಿತ್ತು.

"ಅಕ್ಕ, ಹಕ್ಕಿಗೆ ಬರ್ಕೋ. ನಾನು, ಮಗಳು."

"ಲೋ, ನಿಂಗೆ ಬುದ್ಧಿ ನೆಟ್ಟಗಿದೆಯೇನೋ? ನೀನು ಹಕ್ಕೀಲಿ ಕೂತ್ರೆ ಅದಕ್ಕೆ ಹಕ್ಕಿ ಅನ್ನೋ ಹೆಸರೇ ತೆಗೀಬೇಕಾಗುತ್ತೆ."

ಸಾಲಿನಲ್ಲಿದ್ದವರು ಕಿಸಕ್ಕೆಂದರು. ತಮ್ಮನೂ ನಕ್ಕ. ಅವನು ಹಾಗೆಯೇ, ತನ್ನ ಮೇಲಿನ ತಮಾಷೆಗೆ ಎಲ್ಲರಿಗಿಂತ ಮೊದಲು ನಗುವವನು.

"ಬಿಡು ಅಕ್ಕ. ಒಂಬತ್ತು ವರ್ಷ ಅವಳು ನಿನ್ನ ಹಿಂದೇನೇ ಇದ್ಲು. ಮುಂದಿನ ವರ್ಷ ಓದೋಕೆ ಹೊರಟೋಗ್ತಾಳೆ. ನಂಗೂ ಒಂದು ವರ್ಷ ಬೇಡ್ವಾ?"

"ಮಗಳ ಜೊತೆ ಇರ್ಬೇಕು ಅಂದ್ರೆ ಮನೇಲಿ ಕೂತ್ಕೊಂಡು ಕೇರಂ ಆಡು. ಅವಳ ವರ್ಷ ಯಾಕೆ ಹಾಳು ಮಾಡ್ತೀಯ?"

"ಹಾಳಾಗುತ್ತೆ ಅಂತ ಯಾಕಂತೀಯ? ಪರೀಕ್ಷೆ ಇದೆಯಲ್ಲ, ಇಡು. ಪಾಸಾದ್ರೆ ಬರ್ಕೋ, ಇಲ್ದಿದ್ರೆ ಇಲ್ಲ."

ಪರೀಕ್ಷೆ ಇತ್ತು. ಅದೂ ಕತ್ತರಿಯದೇ ಕಾನೂನು. ಬಂದವರನ್ನೆಲ್ಲ ಬೇಡ ಬೇಡ ಅಂದರೆ ಜಗಳ, ಕಮಿಟಿಗೆ ದೂರು. ಅದಕ್ಕೇ ಹಕ್ಕಿ ಬೇಕೆಂದು ಹಟ ಹಿಡಿದವರಿಗೆ ಅವಳೊಂದು ಪರೀಕ್ಷೆ ಇಟ್ಟಿದ್ದಳು. ದೋಣಿಯನ್ನು ನೀರಿನಲ್ಲಿ ಬೇಕೆಂದೇ ಮಗ್ಗುಲಿಗೆ ಬೀಳಿಸಬೇಕು. ಆಮೇಲೆ ಇಬ್ಬರೇ ಸೇರಿ, ಹತ್ತು ನಿಮಿಷದೊಳಗೆ, ಅದನ್ನು ಎತ್ತಿ ನಿಲ್ಲಿಸಬೇಕು. ಓಡಿಸುವುದನ್ನು ಅರ್ಧ ಗಾಳಿಯೇ ಮಾಡುತ್ತದೆ, ಬಿದ್ದದ್ದನ್ನು ಎತ್ತುವಾಗ ಗೊತ್ತಾಗುತ್ತದೆ ಮನುಷ್ಯನ ಹಣೆಬರಹ. ಎತ್ತದೆ ಹೋದರೆ ಹಕ್ಕಿ ಇಲ್ಲ. ಎತ್ತಿದರೆ ಅವಳೂ ಕಮಕ್ ಕಿಮಕ್ ಅನ್ನದೆ ಸಹಿ ಹಾಕಬೇಕು. ಹಗ್ಗ ಜಗ್ಗುವಾಗ ಇಬ್ಬರೂ ಒಟ್ಟಿಗೆ 'ಎತ್ತು! ಎತ್ತು!' ಎಂದು ಕೂಗುತ್ತಿದ್ದುದರಿಂದ ಅದಕ್ಕೆ ಎತ್ತು ಪರೀಕ್ಷೆ ಎಂದೇ ಹೆಸರಾಗಿತ್ತು. ಯಾರು ಎತ್ತು, ಯಾರು ಕೋಣ ಅಂತ ಗೊತ್ತಾಗುವ ಪರೀಕ್ಷೆ ಎಂದು ಕತ್ತರಿ ಪ್ರತಿ ವರ್ಷವೂ ಹೇಳುತ್ತಿದ್ದಳು, ಕೇಳುವವರು ಪ್ರತಿ ವರ್ಷವೂ ನಗುತ್ತಿದ್ದರು.

"ಸರಿ. ನಾಲ್ಕೂವರೆಗೆ ಬಾ" ಅಂದಳು. ಒಳಗೊಳಗೇ ಅವಳಿಗೆ ಖುಷಿ. ಎಲ್ಲರೆದುರಿಗೆ ಒಂದು ಸಲ ನೀರು ಕುಡಿದರೆ ತಮ್ಮನ ಭೂತ ಇಳಿಯುತ್ತದೆ, ಹುಡುಗಿ ತಂತಿಗೆ ಬರುತ್ತಾಳೆ.

ಮಧ್ಯಾಹ್ನ ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಹುಡುಗಿ ಹಗ್ಗ ತೊಳೆಯುತ್ತಿದ್ದಳು. ಕತ್ತರಿ ಹೋಗಿ ಪಕ್ಕದಲ್ಲಿ ನಿಂತಳು.

"ನೀನ್ಯಾಕೇ ಒಪ್ಕೊಂಡೆ ಇದಕ್ಕೆ?"

"ಅಪ್ಪ ಕೇಳಿದ್ರು ಅತ್ತೆ. ಅವರು ನನ್ನ ಏನನ್ನೂ ಕೇಳಿದೋರಲ್ಲ. ಎತ್ತೋಕೆ ಆದ್ರೆ ಹಕ್ಕಿ, ಆಗದಿದ್ರೆ ತಂತಿ ಅಂತ ಮಾತಾಗಿದೆ. ಅವರೂ ಒಪ್ಪಿದಾರೆ."

"ಆಗೋದಿಲ್ಲ ಬಿಡು. ತಂತಿಗೆ ನಿನ್ನ ಹೆಸರು ಬರ್ದಾಗಿದೆ."

"ನಾನು ಬೇಕಂತ ಬಿಡಲ್ಲ ಅತ್ತೆ. ಜೀವ ಹಾಕಿ ಎಳೀತೀನಿ."

"ಎಳಿ. ಯಾರು ಬೇಡ ಅಂದ್ರು?"

ಹುಡುಗಿ ಹಗ್ಗವನ್ನು ಸುತ್ತಿ ಗೂಟಕ್ಕೆ ಹಾಕಿ, ಒದ್ದೆ ಕೈ ಚಡ್ಡಿಗೆ ಒರೆಸಿಕೊಂಡಳು. "ನಂಗೊಂದು ಮಾತು ಕೊಡು. ಅಪ್ಪ ಬಿದ್ರೂ ಎದ್ರೂ ನೀನು ಆಡ್ಕೋಬಾರದು. ಎಲ್ಲರೆದುರಿಗೆ ಅವರನ್ನ ಕೋಣ ಅನ್ನಬಾರದು."

ಕತ್ತರಿಗೆ ನಗು ಬಂತು. ಕೋಣ ಅನ್ನುವುದು ಚಿಕ್ಕಂದಿನಲ್ಲಿ ತಮ್ಮನಿಗೆ ಮನೆಯಲ್ಲಿದ್ದ ಹೆಸರು, ಇಟ್ಟವಳೂ ಅವಳೇ. ಮೂರು ಸಲ ಒಂದೇ ಕ್ಲಾಸಿನಲ್ಲಿ ಕೂತಿದ್ದನಲ್ಲ, ಇನ್ನೇನು ಅನ್ನಬೇಕಿತ್ತು?

"ಅಯ್ಯೋ, ಅವನೇ ನಗ್ತಾನೆ ಕಣೇ ಹಾಗಂದ್ರೆ."

"ನಗ್ತಾರೆ. ಆಮೇಲೆ ಎರಡು ದಿನ ಊಟಕ್ಕೆ ಕೂತಾಗ ತಟ್ಟೆ ಬಿಟ್ಟು ತಲೆ ಎತ್ತಲ್ಲ. ಅದು ನಿಂಗೆ ಗೊತ್ತಿಲ್ಲ, ನಂಗೆ ಗೊತ್ತು. ಮಾತು ಕೊಡು ಅತ್ತೆ."

"ಆಯ್ತು ಮಾರಾಯ್ತಿ, ಅನ್ನಲ್ಲ" ಎಂದು ಕತ್ತರಿ ಅವಳ ತಲೆಯ ಮೇಲೆ ಮೊಟಕಿದಳು. ಕೊಟ್ಟ ಮಾತು ಅಂಥ ದೊಡ್ಡದೆಂದು ಅವಳಿಗೆ ಅನಿಸಲಿಲ್ಲ.

ನಾಲ್ಕೂವರೆಗೆ ದಡದಲ್ಲಿ ಜನ ಸೇರಿತ್ತು. ಬೆಳಿಗ್ಗೆ ಮರಿಗೆ ಬಿದ್ದವರೆಲ್ಲ ಮನೆಗೆ ಹೋಗದೆ ಕಾದಿದ್ದರು, ಇನ್ನೊಬ್ಬರು ಬೀಳುವುದನ್ನು ನೋಡಿದರೆ ತಂತಮ್ಮ ನೋವು ಕಡಿಮೆ ಆಗುತ್ತದಲ್ಲ. ಹಲ್ಲಿನ ಡಾಕ್ಟರು ಕುರ್ಚಿಯನ್ನೇ ತಂದು ಹಾಕಿಕೊಂಡಿದ್ದರು. ಕತ್ತರಿ ಕೈಮೈಕು ಹಿಡಿದು ಕಟ್ಟೆಯ ಮೇಲೆ ನಿಂತಳು, ಪಕ್ಕದಲ್ಲಿ ಗಡಿಯಾರ ಹಿಡಿದ ಗುಮಾಸ್ತರು. ಆಚೆ ನೀರಿನಲ್ಲಿ ಲಾಂಚ್ ಕಾವಲಿಗೆ ನಿಂತಿತ್ತು.

"ಬೀಳಿಸಿ!" ಎಂದು ಅವಳು ಕೂಗಿದಳು.

ಹಕ್ಕಿ ಮಗ್ಗುಲಿಗೆ ಬಿತ್ತು. ಹಾಯಿ ನೀರಿನ ಮೇಲೆ ಚಪ್ಪಟೆಯಾಗಿ ಹರಡಿಕೊಂಡಿತು, ಎರಡು ದೋಣಿಗಳಲ್ಲಿ ಒಂದು ನೀರಿನಲ್ಲಿ, ಇನ್ನೊಂದು ಅದರ ಮೇಲೆ ಗೋಡೆಯ ಹಾಗೆ ಆಕಾಶದಲ್ಲಿ. ಹುಡುಗಿ ಆಗಲೇ ಕೆಳಗಿನ ದೋಣಿಯ ಮೇಲೆ ಹತ್ತಿ ನಿಂತಿದ್ದಳು. ತಮ್ಮನೋ ಹಾಯಿಯ ತಪ್ಪು ಮಗ್ಗುಲಿಗೆ ತೇಲಿ ಹೋಗಿ, ಬುಸುಗುಡುತ್ತಾ ಸುತ್ತಿ ಬಂದ. ಹತ್ತಲು ಹೋಗಿ ಜಾರಿದ. ಮತ್ತೆ ಹತ್ತಿದ, ಮತ್ತೆ ಜಾರಿದ. ದಡದಲ್ಲಿ ನಗು ಎದ್ದಿತು. ಕತ್ತರಿ ತುಟಿ ಕಚ್ಚಿಕೊಂಡಳು, ಮಾತು ಕೊಟ್ಟಿದ್ದಳಲ್ಲ.

"ಮೂರು ನಿಮಿಷ" ಅಂದರು ಗುಮಾಸ್ತರು.

"ಇನ್ನೇನು, ಮುಗೀತು ಬಿಡಿ" ಅಂದಳು.

ಮುಗಿಯಲಿಲ್ಲ. ಮೂರನೇ ಸಲ ತಮ್ಮ ಹತ್ತಿ ಮಗಳ ಪಕ್ಕದಲ್ಲಿ ನಿಂತೇಬಿಟ್ಟ. ಮಗಳು ಏನೋ ಹೇಳುವ ಮುಂಚೆಯೇ ಬಗ್ಗಿ, ಹಾಯಿಯನ್ನು ಬಿಗಿದಿದ್ದ ಹಗ್ಗವನ್ನು ಅದನ್ನು ಕಚ್ಚಿ ಹಿಡಿದಿದ್ದ ಕೊಂಡಿಯಿಂದ ಬಿಡಿಸಿ ಸಡಿಲ ಮಾಡಿದ. ಹೊಸಬರು ಮರೆಯುವುದೇ ಇದನ್ನು. ಹಾಯಿ ಬಿಗಿಯಾಗಿದ್ದರೆ ನೀರನ್ನು ಬಾಚಿಕೊಂಡು ಮೇಲೇಳುವುದೇ ಇಲ್ಲ. ಆಮೇಲೆ ಇಬ್ಬರೂ ದೋಣಿಯ ಮೂತಿ ಗಾಳಿಗೆ ತಿರುಗುವ ತನಕ ಕಾದು ನಿಂತರು.

"ಇದನ್ಯಾರು ಹೇಳ್ಕೊಟ್ರು ಇವನಿಗೆ?" ಅಂದಳು ಕತ್ತರಿ.

ಗುಮಾಸ್ತರು ಗಡಿಯಾರದಿಂದ ಕಣ್ಣು ತೆಗೆಯದೆ ಅಂದರು: "ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ಬರ್ತಿದ್ರು ಮೇಡಂ. ಮರೀಲಿ ಒಬ್ಬರೇ ಬೀಳಿಸೋದು, ಎತ್ತೋದು, ಬೀಳಿಸೋದು, ಎತ್ತೋದು. ಅಕ್ಕಂಗೆ ಹೇಳಬೇಡಿ, ನಗ್ತಾಳೆ ಅಂದಿದ್ರು."

ಅಷ್ಟರಲ್ಲಿ ಹುಡುಗಿ ಎತ್ತುವ ಹಗ್ಗವನ್ನು ಮೇಲಿನ ದೋಣಿಯ ಮೇಲಿಂದ ಎಸೆದು ತಂದು ಅಪ್ಪನ ಕೈಗೆ ಕೊಟ್ಟಿದ್ದಳು. ಇಬ್ಬರೂ ಹಗ್ಗ ಹಿಡಿದು ಹಿಂದಕ್ಕೆ ವಾಲಿದರು. "ಎತ್ತು! ಎತ್ತು!" ಎಂಬ ಕೂಗು ನೀರಿನ ಮೇಲಿಂದ ಬಂತು. ಎಲ್ಲರೂ ಆಡಿಕೊಂಡಿದ್ದ ಆ ತೊಂಬತ್ತನಾಲ್ಕು ಕಿಲೋ ಮೈ ಇವತ್ತು ಕೆಲಸಕ್ಕೆ ಬಂದಿತ್ತು, ಎತ್ತುವುದಕ್ಕೆ ಬೇಕಾದದ್ದು ಭಾರವೇ ತಾನೆ. ಹಾಯಿಕಂಬದ ತುದಿ ಗುಳುಕ್ಕೆಂದು ನೀರಿನಿಂದ ಹೊರಗೆ ಬಂತು. ಒಂದು ಮೊಳ. ಎರಡು ಮೊಳ. ಹಾಯಿಯ ಅಡಿಗೆ ಗಾಳಿ ನುಗ್ಗತೊಡಗಿತು. ಡಾಕ್ಟರ ಹೆಂಡತಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

"ಎಂಟು ನಿಮಿಷ. ಎತ್ತಿಬಿಟ್ರು ಮೇಡಂ, ಎತ್ತಿಬಿಟ್ರು!" ಗುಮಾಸ್ತರ ಧ್ವನಿಯಲ್ಲಿ ಎಂದೂ ಇಲ್ಲದ ಉತ್ಸಾಹ.

ಎತ್ತಿದರೆ ಸಹಿ ಹಾಕಬೇಕು. ಸಹಿ ಹಾಕಿದರೆ ಹುಡುಗಿ ಹಕ್ಕಿಗೆ ಹೋಗುತ್ತಾಳೆ, ನಲ್ಲಿ ಅಂಗಡಿಯವನ ಜೊತೆ ವರ್ಷವಿಡೀ ಕೊನೆಯವಳಾಗಿ ಬರುತ್ತಾಳೆ, ಶಿಬಿರ ಹೋಯಿತು. ಒಂಬತ್ತು ವರ್ಷ ಹೋಯಿತು. ಭಯ, ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಒಟ್ಟಿಗೆ ಕತ್ತರಿಯ ಬಾಯಿಗೆ ಬಂದವು. ಅವಳು ಗುಮಾಸ್ತರ ಕಡೆ ತಿರುಗಿದಳು, ಅಲ್ಲಿಯ ತನಕ ಸೊಂಟದ ಹತ್ತಿರ ಇಳಿಬಿಟ್ಟಿದ್ದ ಕೈಮೈಕು ಈಗ ಗಲ್ಲದ ಹತ್ತಿರವೇ ಇತ್ತು.

"ಏನು ಎತ್ತೋದು ಕಣ್ರೀ. ಎತ್ತು ಏರಿಗೆ ಎಳೀತಿದ್ರೆ ಕೋಣ ನೀರಿಗೆ ಎಳೀತು ಅಂತಾರಲ್ಲ, ಹಾಗೆ. ನೋಡ್ತಿರಿ, ನಮ್ಮ ಕೋಣ ಈಗ ಬೀಳುತ್ತೆ."

ಬೀಳಿಸಿ ಎಂದು ಕೂಗಿದ ಮೇಲೆ ಅವಳು ಗುಂಡಿ ಕುಟ್ಟಿರಲಿಲ್ಲ. ಮಾತು ಕಟ್ಟೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ನೀರಿಗೆ, ನೀರಿನಿಂದ ಲಾಂಚಿನ ತನಕ ಗುಡುಗಿತು. ಇಡೀ ದಡ ಬಿದ್ದು ಬಿದ್ದು ನಕ್ಕಿತು. ಗುಂಡಿ ಏಳಲಿಲ್ಲ ಎಂದು ಕತ್ತರಿ ಆಮೇಲೆ ಎಲ್ಲರಿಗೂ ಹೇಳಿದಳು. ಗುಂಡಿ ಏಳುವುದಿಲ್ಲ ಎಂಬುದು ಆ ಕ್ಲಬ್ಬಿನಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ತಮ್ಮ ತಲೆ ತಿರುಗಿಸಿ ದಡ ನೋಡಿದ. ಎಂದಿನಂತೆ ನಗಲು ಹೊರಟ ಹಾಗೆ ಕಂಡಿತು. ನಗಲಾಗಲಿಲ್ಲವೋ ಏನೋ, ಕೈ ಸಡಿಲವಾಯಿತು. "ಅಪ್ಪಾ, ಬಿಡಬೇಡಿ! ಅಪ್ಪಾ!" ಎಂದು ಹುಡುಗಿ ಕಿರುಚಿದಳು. ಅವನು ಹಗ್ಗ ಬಿಟ್ಟುಬಿಟ್ಟ. ಅರ್ಧ ಎದ್ದಿದ್ದ ಹಾಯಿಕಂಬ ರಪ್ಪನೆ ನೀರಿಗೆ ಬಡಿದು, ಅಲ್ಲಿಗೂ ನಿಲ್ಲದೆ ಮುಳುಗಿ, ದೋಣಿ ಅಡಿಮೇಲಾಯಿತು. ಹುಡುಗಿ ನೀರಿಗೆ ಬಿದ್ದು ಎದ್ದು, ಅಪ್ಪನ ಕಡೆ ಈಜಿದಳು.

ಗುಮಾಸ್ತರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು. ನಿಮಿಷ ಎಷ್ಟಾಯಿತು ಎಂದು ಹೇಳಲೇ ಇಲ್ಲ. ಕತ್ತರಿ ಮೈಕನ್ನು ಎರಡು ಸಲ ಕುಟ್ಟಿದಳು, ಈಗ.

ಲಾಂಚ್ ದೋಣಿಯನ್ನು ಎಳೆದು ತಂದಿತು. ತಮ್ಮ ಇಳಿಜಾರನ್ನು ಹತ್ತಿಕೊಂಡು ಮೇಲೆ ಬಂದ, ಮೈಯಿಂದ ನೀರು ಸುರಿಯುತ್ತಿತ್ತು. ಕತ್ತರಿಯ ಎದುರಿಗೆ ನಿಂತ. ಅವಳು ಬೈಗಳಿಗೆ ತಯಾರಾಗಿದ್ದಳು, ಬೈದಿದ್ದರೆ ಹತ್ತು ಪಟ್ಟು ತಿರುಗಿಸಿ ಕೊಡುತ್ತಿದ್ದಳು, ಅವಳಿಗೂ ಹಗುರವಾಗುತ್ತಿತ್ತು.

"ನೀನು ಹೇಳಿದ್ದೇ ಸರಿ ಬಿಡು ಅಕ್ಕ" ಎಂದಷ್ಟೇ ಹೇಳಿ ಅವನು ಬಟ್ಟೆ ಬದಲಿಸುವ ಕೋಣೆಗೆ ಹೋದ.

ಗೆದ್ದದ್ದು ಅವಳೇ. ಹಕ್ಕಿ ತಪ್ಪಿತು, ಹುಡುಗಿ ತಂತಿಗೇ ಬರಬೇಕು. ಹಾಗೆಂದು ತನಗೆ ತಾನೇ ಹೇಳಿಕೊಳ್ಳುತ್ತಾ ಅವಳು ಮೇಜಿಗೆ ವಾಪಸು ಬಂದು ತಂತಿಯ ಪುಟ ತೆಗೆದಿಟ್ಟಳು. ಪೆನ್ಸಿಲ್ಲಿನ ಹೆಸರಿನ ಮೇಲೆ ಶಾಯಿ ತಿದ್ದುವುದೊಂದೇ ಬಾಕಿ. ಹುಡುಗಿ ಬಂದರೆ ನಾಲ್ಕು ಮಾತು ಜೋರಾಗಿ ಅನ್ನುತ್ತಾಳೆ, ಅನ್ನಲಿ, ಎರಡು ದಿನ ಮುನಿಸು, ಆಮೇಲೆ ಗಾಳಿ ಬೀಸಿದರೆ ಎಲ್ಲ ಮರೆಯುತ್ತಾಳೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಅವಳ ಅಮ್ಮ ಹೇಳುತ್ತಿದ್ದುದು ಯಾಕೋ ನೆನಪಾಯಿತು. ಅದನ್ನು ಅವಳು ತಳ್ಳಿಹಾಕಿದಳು.

ಆರಕ್ಕೆ ಹತ್ತು ನಿಮಿಷ ಇರುವಾಗ ಹುಡುಗಿ ಬಂದಳು. ಕೂದಲು ಇನ್ನೂ ಒದ್ದೆಯಾಗಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಕತ್ತರಿಗೆ ಹೆದರಿಕೆಯಾಯಿತು.

"ಮೇಡಂ" ಅಂದಳು.

ಇಪ್ಪತ್ತಾರು ವರ್ಷ ಆ ಪದ ಕೇಳಿ ಕಿವಿ ಜಡ್ಡುಗಟ್ಟಿದ್ದರೂ, ಕತ್ತರಿ ಬೇರೆ ಯಾರನ್ನೋ ಕರೆದಳೇನೋ ಎಂದು ಹಿಂದೆ ತಿರುಗಿ ನೋಡಿದಳು.

"ಮರಿಗೆ ಎರಡು ಹೆಸರು ಬರ್ಕೊಳ್ಳಿ. ಅಪ್ಪಂದು, ನಂದು."

"ಏನೇ ಹುಚ್ಚು ಇದು? ಮರಿಗಾ? ನೀನು ಹತ್ತನೇ ವಯಸ್ಸಿಗೆ ಬಿಟ್ಟ ದೋಣಿ ಅದು!"

"ಅಪ್ಪ ಇನ್ನು ಮೇಲೆ ನೀರಿಗೆ ಇಳಿಯಲ್ಲ ಅಂದ್ರು. ನಾನು ಜೊತೆಗಿದ್ರೆ ಇಳೀತಾರೆ."

"ಅವನು ಇಳೀದಿದ್ರೆ ಯಾರ ಗಂಟು ಹೋಯ್ತು? ಇದು ನಿನ್ನ ಕೊನೇ ವರ್ಷ ಕಣೇ. ಲಾಂಚ್ ಡ್ರೈವರ್‌ನ ಮಗಳು ಕಾಯ್ತಿದಾಳೆ."

"ಅವಳಿಗೆ ಹೇಳಿ ಬಂದೆ. ಅವಳಿಗಿನ್ನೂ ಹದಿನಾರು, ಎರಡು ವರ್ಷ ಇದೆ."

ಕತ್ತರಿ ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು. ತಪ್ಪಾಯ್ತು ಅನ್ನುವುದಕ್ಕೆ ಅವಳ ನಾಲಿಗೆಗೆ ರೂಢಿ ಇರಲಿಲ್ಲ, ಅದು ಎಲ್ಲೆಲ್ಲೋ ತಡವರಿಸಿತು. "ಆ ಹಾಳು ಗುಂಡಿ... ಸಿಕ್ಕಾಕ್ಕೊಂಡಿತ್ತು ಕಣೇ. ನಾನು ಇವರಿಗೆ ಅಂದಿದ್ದು."

"ಸಿಕ್ಕಾಕ್ಕೊಂಡಿದ್ದು ಗುಂಡಿ ಮೇಡಂ. ಮಾತು ನಿಮ್ದೇ ಅಲ್ವಾ?"

"ಶಿಬಿರ ಹೋಗುತ್ತೆ. ಒಂಬತ್ತು ವರ್ಷ ನಾವಿಬ್ರೂ..."

"ಕೋಣನ ಮಗಳಿಗೆ ಶಿಬಿರ ಯಾಕೆ ಮೇಡಂ? ಬರ್ಕೊಳ್ಳಿ. ಆರು ಗಂಟೆಗೆ ಪುಸ್ತಕ ಮುಚ್ಚುತ್ತೆ."

ಗುಮಾಸ್ತರು ಮರಿಯ ಪುಟವನ್ನು ತಿರುಗಿಸಿ ಮುಂದಿಟ್ಟರು. ಡಾಕ್ಟರು, ಅವರ ಹೆಂಡತಿ, ಫೋಟೊದವನು, ಅವರೆಲ್ಲರ ಕೆಳಗೆ ಖಾಲಿ ಸಾಲು. ಕಾನೂನಿನ ಪ್ರಕಾರ ಮರಿ ಕೇಳಿದವರಿಗೆ ಇಲ್ಲ ಅನ್ನುವ ಅಧಿಕಾರ ಯಾರಿಗೂ ಇರಲಿಲ್ಲ, ಯಾರಾದರೂ ತಾವಾಗಿಯೇ ಕೆಳಗಿಳಿಯುತ್ತಾರೆ ಎಂದು ಕಾನೂನು ಮಾಡಿದವಳಿಗೆ ಹೊಳೆದಿರಲಿಲ್ಲ. ಕತ್ತರಿ ಪೆನ್ನು ತೆಗೆದುಕೊಂಡಳು. ತಮ್ಮನ ಹೆಸರು ಬರೆದಳು. ಅದರ ಪಕ್ಕದಲ್ಲಿ ಹುಡುಗಿಯ ಹೆಸರು ಬರೆದಳು, ಕೊನೆಯ ಅಕ್ಷರದ ಹತ್ತಿರ ನಿಂತಳು, ತಲೆ ಎತ್ತಿ ನೋಡಿದಳು. ಹುಡುಗಿ ಕಾಯುತ್ತಿದ್ದಳು. ಅವಳು ಅಕ್ಷರ ಮುಗಿಸಿದಳು, ಸಹಿ ಹಾಕಿದಳು.

"ಥ್ಯಾಂಕ್ಸ್ ಮೇಡಂ" ಎಂದು ಹುಡುಗಿ ಹೊರಗೆ ಹೋದಳು.

ಗೋಡೆಯ ಗಡಿಯಾರ ಆರು ಹೊಡೆಯಿತು. ಗುಮಾಸ್ತರು ಪುಸ್ತಕ ಮುಚ್ಚಲು ಹೋಗಿ, ತಂತಿಯ ಪುಟ ನೋಡಿ ನಿಂತರು. ಅವರ ದನಿ ಬಹಳ ಮೆಲ್ಲಗಿತ್ತು. "ಮೇಡಂ, ಇಲ್ಲಿ ಮೊದಲನೇ ಸಾಲಲ್ಲಿ ಪೆನ್ಸಿಲ್ಲಲ್ಲಿ ಒಂದು ಹೆಸರಿದೆ. ಅಳಿಸ್ಲಾ?"

"ಕೊಡ್ರಿ ಇಲ್ಲಿ" ಅಂದಳು ಕತ್ತರಿ.

ಅವರು ಡ್ರಾಯರಿನಿಂದ ರಬ್ಬರ್ ತೆಗೆದು ಕೊಟ್ಟರು. ಒಂದು ತಿಂಗಳ ಹಿಂದೆ ಅವಳು ಖುಷಿಯಲ್ಲಿ ಒತ್ತಿ ಬರೆದಿದ್ದಳು, ಬೇಗ ಹೋಗಲಿಲ್ಲ. ಹೊರಗೆ ಇಳಿಜಾರಿನಲ್ಲಿ ಯಾರೋ ಮರಿಯೊಂದನ್ನು ಶೆಡ್ಡಿಗೆ ಹೊತ್ತು ತರುತ್ತಿದ್ದರು. "ಎತ್ತಪ್ಪಾ, ಎತ್ತು! ಇನ್ನೂ ಸ್ವಲ್ಪ ಎತ್ತು!" ಎಂದು ಹುಡುಗಿ ಕೂಗುವುದು ಕೇಳಿಸಿತು, ಆಮೇಲೆ ತಮ್ಮ ನಕ್ಕಿದ್ದು ಕೇಳಿಸಿತು. ಕತ್ತರಿ ತಲೆ ಬಗ್ಗಿಸಿ ಅಳಿಸುತ್ತಲೇ ಇದ್ದಳು.